ಹಾಡಿನ ಕಲೆಕ್ಷನ್ ಇಟ್ಕೊಂಡಿರೋರು ಯಾವ ಪ್ಲೇಯರ್ ಹಾಕ್ಕೋಬೇಕು?

ಸ್ಟ್ರೀಮಿಂಗ್ ಆಪ್ ಇರೋವಾಗ ಇನ್ನೂ ಯಾರ್ರೀ ಫೈಲ್ ಇಟ್ಕೊಂಡು ಹಾಡು ಕೇಳೋದು ಅಂತ ಕೇಳೋರಿದಾರೆ. ಮೈಸೂರಲ್ಲಿ ಹುಡುಕಿದ್ರೆ ಬೀದಿಗೊಬ್ರು ಸಿಗ್ತಾರೆ. ಒಬ್ರ ಮನೇಲಿ ವಿವಿ ಮೊಹಲ್ಲಾ 8ನೇ ಕ್ರಾಸ್ ಗಣಪತಿ ಪೆಂಡಾಲಿನ ಕಚೇರಿಗಳು ಕ್ಯಾಸೆಟ್ಟಲ್ಲಿ, ಇನ್ನೊಬ್ರ ಹತ್ರ ರೇಡಿಯೋ ಪಕ್ಕ ಟೇಪ್ ರೆಕಾರ್ಡರ್ ಇಟ್ಟು ಹಿಡಿದ ವೀಣೆ, ಮಂಡ್ಯ ಮಳವಳ್ಳಿ ಕಡೆ ಹೋದ್ರೆ ರಾತ್ರಿಯೆಲ್ಲಾ ಹಾಡಿದ ಮಂಟೇಸ್ವಾಮಿ ಕಥೆ, ಮಾದಪ್ಪನ ಕಥೆ, ಕಂಸಾಳೆ ಪದ, ಜೊತೆಗೆ ಹಳೇ ಸಿನಿಮಾ ಹಾಡು ಭಾವಗೀತೆ ಎಲ್ಲಾ ಸೇರಿ ಹಾರ್ಡ್ ಡಿಸ್ಕ್ ತುಂಬಾ ಎಂಪಿತ್ರೀ. ಮನೇಲಿ ರೆಕಾರ್ಡ್ ಮಾಡಿದ್ದು ಯಾವ ಆಪಲ್ಲೂ ಸಿಗಲ್ಲ, ಆಪಲ್ಲಿ ಇವತ್ತಿರೋ ಹಾಡು ಲೈಸೆನ್ಸ್ ಮುಗಿದ್ರೆ ನಾಳೆ ಇರಲ್ಲ. ಅದಕ್ಕೇ ಫೈಲ್ ಇಟ್ಕೊಳ್ಳೋದು ಸರಿಯಾದ ಕೆಲಸ, ಅದನ್ನ ನೆಟ್ಟಗೆ ಇಟ್ಕೊಳ್ಳೋಕೆ ಯಾವ ಸಾಫ್ಟ್‌ವೇರ್ ಅನ್ನೋದು ಪ್ರಶ್ನೆ.

ಸೌಂಡ್ ಕ್ವಾಲಿಟಿ ನೋಡಿ ಪ್ಲೇಯರ್ ಆರಿಸೋಕೆ ಹೋಗ್ಬೇಡಿ. ಒಂದೇ ಫೈಲನ್ನ, ಈಕ್ವಲೈಜರ್ ಆಫ್ ಮಾಡಿ, ಒಂದೇ ಹೆಡ್‌ಫೋನಲ್ಲಿ ಯಾವ ಒಳ್ಳೆ ಪ್ಲೇಯರಲ್ಲಿ ಹಾಕಿದ್ರೂ ಕಿವಿಗೆ ವ್ಯತ್ಯಾಸ ಗೊತ್ತಾಗಲ್ಲ. ಸ್ಕಿನ್ ಚೆನ್ನಾಗಿದೆ ಅಂತಾನೂ ಬೇಡ. ನೀವು ಕೂತು ಗಾಯಕರ ಹೆಸರು, ರಾಗ, ಕವಿ, ರೇಟಿಂಗ್ ಎಲ್ಲಾ ತುಂಬಿಸ್ತೀರಲ್ಲ, ಆ ಕೆಲಸ ಫೈಲ್ ಒಳಗೆ ಟ್ಯಾಗಾಗಿ ಕೂರುತ್ತಾ ಇಲ್ಲಾ ಸಾಫ್ಟ್‌ವೇರಿನ ಸ್ವಂತ ಡೇಟಾಬೇಸಲ್ಲಿ ಕೂರುತ್ತಾ, ನೋಡ್ಬೇಕಾಗಿರೋದು ಅದನ್ನ. ಡೇಟಾಬೇಸಲ್ಲಿ ಕೂತ್ರೆ ಆ ಸಾಫ್ಟ್‌ವೇರ್ ನಿಂತ ದಿನ ನಿಮ್ಮ ಕೆಲಸಾನೂ ಹೋಯ್ತು. ಸಾಫ್ಟ್‌ವೇರ್ ನಿಲ್ಲೋದು ಅಪರೂಪ ಏನಲ್ಲ. ವಿನ್ಆಂಪ್ 1997ರಲ್ಲಿ ಬಂತು, ಎರಡೇ ವರ್ಷಕ್ಕೆ ಎಓಎಲ್ ಕಂಪನಿ ಕೊಂಡ್ಕೊಳ್ತು, 2013ರಲ್ಲಿ ಮುಚ್ತೀವಿ ಅಂದ್ರು, 2014ರಲ್ಲಿ ಮತ್ತೆ ಕೈ ಬದಲಾಯ್ತು. ಐಟ್ಯೂನ್ಸ್ 2001ರಲ್ಲಿ ಶುರುವಾಗಿದ್ದು, 2019ಕ್ಕೆ ಮ್ಯಾಕಲ್ಲಿ ಆ ಹೆಸರೇ ಇಲ್ಲ. ಅಷ್ಟು ದೊಡ್ಡವೇ ಹೀಗೆ ಆದ್ಮೇಲೆ ಇನ್ನುಳಿದವನ್ನ ನಂಬಿ ಎಲ್ಲಾ ಅದರೊಳಗೆ ಇಡೋದು ಬೇಡ.

ಕನ್ನಡದ ಕಲೆಕ್ಷನ್‌ಗೆ ಬೇರೇನೇ ಬೇಕು

ಇಂಗ್ಲಿಷ್ ಪಾಪ್ ಹಾಡಿಗೆ ಆರ್ಟಿಸ್ಟ್, ಆಲ್ಬಮ್, ಟ್ರ್ಯಾಕ್ ನಂಬರ್ ಇದ್ರೆ ಸಾಕಾಗುತ್ತೆ. ನಮಗೆ ಸಾಕಾಗಲ್ಲ. ಒಂದು ಭಾವಗೀತೆ ತಗೊಳ್ಳಿ, ಬರೆದೋರು ಕಿಕ್ಕೇರಿಯ ಕೆ.ಎಸ್. ನರಸಿಂಹಸ್ವಾಮಿ, ರಾಗ ಹಾಕಿದೋರು ಸಿ. ಅಶ್ವಥ್, ಹಾಡಿದೋರು ಇನ್ಯಾರೋ, ಮೂವರಲ್ಲಿ ಆರ್ಟಿಸ್ಟ್ ಯಾರು? ಕಚೇರಿ ಆದ್ರೆ ರಾಗ ಬೇಕು ತಾಳ ಬೇಕು ವಾಗ್ಗೇಯಕಾರರು (ಕೃತಿ ರಚಿಸಿದೋರು) ಬೇಕು, ಪಿಟೀಲು ಯಾರು ಮೃದಂಗ ಯಾರು ಅಂತಾನೂ ಬೇಕು, ಯಾಕಂದ್ರೆ ಟಿ. ಚೌಡಯ್ಯನೋರು ಏಳು ತಂತಿ ಪಿಟೀಲಲ್ಲಿ ಪಕ್ಕವಾದ್ಯ ನುಡಿಸಿದ್ದನ್ನೇ ಹುಡುಕಿ ಕೇಳೋರು ಇದಾರೆ, ಅವರಿಗೆ ಗಾಯಕರ ಹೆಸರಿನ ಕೆಳಗೆ ಹುಡುಕು ಅಂದ್ರೆ ಆಗಲ್ಲ. ಜಯಚಾಮರಾಜ ಒಡೆಯರ್ ಅವರ ಕೃತಿಗಳು 94, ಅವನ್ನ ಹತ್ತಾರು ಜನ ಹಾಡಿದಾರೆ, ಎಲ್ಲಾ ಒಂದೇ ಕಡೆ ಬರ್ಬೇಕು ಅಂದ್ರೆ ಕಂಪೋಸರ್ ಫೀಲ್ಡ್ ತುಂಬಿರ್ಬೇಕು, ಆ ಫೀಲ್ಡ್ ಪ್ರಕಾರ ಲಿಸ್ಟ್ ತೋರಿಸೋ ಪ್ಲೇಯರೂ ಇರ್ಬೇಕು. ಸ್ವಂತ ಫೀಲ್ಡ್ ಸೇರಿಸೋಕೆ ಬಿಡದೇ ಇರೋ ಪ್ಲೇಯರ್ ನಮ್ಮ ಸಂಗೀತಕ್ಕೆ ಅರ್ಧ ಪ್ಲೇಯರ್ ಅಂತ್ಲೇ ನನ್ನ ಅಭಿಪ್ರಾಯ.

ಸಿನಿಮಾ ಹಾಡಲ್ಲಿ ಇನ್ನೊಂದು ತಾಪತ್ರಯ. ಒಂದು ಪಿಕ್ಚರಲ್ಲಿ ಆರು ಹಾಡು, ಪಿ.ಬಿ. ಶ್ರೀನಿವಾಸ್ ಎರಡು, ಎಸ್. ಜಾನಕಿ ಒಂದು, ರಾಜ್‌ಕುಮಾರ್ ಒಂದು, ಮಿಕ್ಕಿದ್ದು ಡ್ಯುಯೆಟ್, ಪ್ಲೇಯರ್ ಅದನ್ನ ನಾಲ್ಕೈದು ಆಲ್ಬಮ್ ಮಾಡಿ ಚೂರುಚೂರು ತೋರಿಸುತ್ತೆ. ಆಲ್ಬಮ್ ಆರ್ಟಿಸ್ಟ್ ಅಂತ ಬೇರೆ ಫೀಲ್ಡ್ ಇರುತ್ತೆ, ಅದಕ್ಕೆ ಎಲ್ಲಾ ಹಾಡಿಗೂ ಒಂದೇ ಹೆಸರು ಕೊಟ್ಟುಬಿಡಿ. ನಾನಾದ್ರೆ ಸಂಗೀತ ನಿರ್ದೇಶಕರ ಹೆಸರು ಕೊಡ್ತೀನಿ, ಆಗ ನಮ್ಮೂರಿನ ರಾಜನ್-ನಾಗೇಂದ್ರ ಅವರದ್ದೆಲ್ಲಾ ಒಟ್ಟಿಗೆ, ಜಿ.ಕೆ. ವೆಂಕಟೇಶ್ ಅವರದ್ದೆಲ್ಲಾ ಒಟ್ಟಿಗೆ ಬರುತ್ತೆ. ಡ್ಯುಯೆಟ್‌ಗೆ ಇಬ್ಬರ ಹೆಸರನ್ನೂ ಅರ್ಧವಿರಾಮ ಚಿಹ್ನೆ (;) ಹಾಕಿ ಬರೀಬೇಕು, ಫೂಬಾರ್2000 ಮತ್ತೆ ಮ್ಯೂಸಿಕ್‌ಬೀ ಅನ್ನೋ ಪ್ಲೇಯರ್‌ಗಳು ಇಬ್ಬರನ್ನೂ ಬೇರೆಬೇರೆ ಗಾಯಕರು ಅಂತ ತಗೊಳ್ತವೆ, ಕೆಲವು ಪ್ಲೇಯರ್‌ಗಳು ಎರಡೂ ಸೇರಿ ಒಬ್ಬ ಮನುಷ್ಯ ಅಂದ್ಕೊಳ್ತವೆ.

ಲಿಪಿ ವಿಷಯ ಎಲ್ಲಕ್ಕಿಂತ ಕಿರಿಕಿರಿ, ಇದನ್ನ ಯಾರೂ ಹೇಳಲ್ಲ ಅದಕ್ಕೆ ಸ್ವಲ್ಪ ಉದ್ದಕ್ಕೆ ಹೇಳ್ತೀನಿ. ರಾಜ್‌ಕುಮಾರ್ ಅಂತ ಟೈಪ್ ಮಾಡ್ತೀವಲ್ಲ, ಜಕಾರಕ್ಕೆ ಕಕಾರದ ಒತ್ತು ಬೀಳದ ಹಾಗೆ ತಡೆಯೋಕೆ ಮಧ್ಯ ಕಣ್ಣಿಗೆ ಕಾಣದ ಒಂದು ಕ್ಯಾರೆಕ್ಟರ್ ಇರುತ್ತೆ, ಕೀಬೋರ್ಡೇ ಅದನ್ನ ಹಾಕಿರುತ್ತೆ. ಒಂದು ಫೈಲಲ್ಲಿ ಅದಿದ್ದು ಇನ್ನೊಂದರಲ್ಲಿ ಇಲ್ಲದೇ ಇದ್ರೆ ಕಂಪ್ಯೂಟರ್ ಲೆಕ್ಕಕ್ಕೆ ಇಬ್ಬರು ಬೇರೆಬೇರೆ ಗಾಯಕರು. ಹಾಗೇ ಒ ಓ ಕಾರದ ಗುಣಿತಾನೂ ಯೂನಿಕೋಡಲ್ಲಿ ಒಂದೇ ಅಕ್ಷರವಾಗಿ ಕೂರಬಹುದು ಇಲ್ಲಾ ತುಂಡುತುಂಡಾಗಿ ಕೂರಬಹುದು, ನೋಡೋಕೆ ಎರಡೂ ಒಂದೇ, ಸರ್ಚ್ ಮಾಡಿದ್ರೆ ಒಂದು ಸಿಕ್ಕಿ ಇನ್ನೊಂದು ಸಿಗದೇ ಹೋಗಬಹುದು. ಆದ್ದರಿಂದ ಹೆಸರನ್ನ ಪ್ರತಿಸಲ ಟೈಪ್ ಮಾಡ್ಬೇಡಿ, ಸರಿಯಾದ ಹೆಸರುಗಳದ್ದೊಂದು ಪಟ್ಟಿ ಮಾಡಿಟ್ಕೊಂಡು ಅದರಿಂದಾನೇ ಕಾಪಿ ಪೇಸ್ಟ್ ಮಾಡಿ. ಇನ್ನು ನುಡಿ, ಬರಹ ಸಾಫ್ಟ್‌ವೇರ್‌ಗಳ ಕಾಲದಲ್ಲಿ ಹಳೇ ಫಾಂಟಲ್ಲಿ ಟೈಪ್ ಮಾಡಿದ ಟ್ಯಾಗ್ ಇದ್ರೆ ಇವತ್ತಿನ ಪ್ಲೇಯರಲ್ಲಿ ಅದು ಅರ್ಥವಿಲ್ಲದ ಚಿಹ್ನೆಗಳ ಸಾಲಾಗಿ ಕಾಣುತ್ತೆ, ಕನ್ವರ್ಟರಲ್ಲಿ ಯೂನಿಕೋಡ್ ಮಾಡಿ ಮತ್ತೆ ಹಾಕೋದೊಂದೇ ದಾರಿ.

ಎಂಪಿತ್ರೀ ಟ್ಯಾಗಲ್ಲೂ ವರ್ಷನ್ ಇವೆ. 1996ರ ಮೊದಲನೇ ಐಡಿತ್ರೀ ಟ್ಯಾಗಲ್ಲಿ ಹಾಡಿನ ಹೆಸರಿಗೆ ಬರೀ 30 ಬೈಟ್ ಜಾಗ, ಕನ್ನಡಕ್ಕೆ ಅದರಲ್ಲಿ ವ್ಯವಸ್ಥೆನೇ ಇಲ್ಲ. ಎರಡನೇ ವರ್ಷನಲ್ಲಿ ಯೂನಿಕೋಡ್ ಆಗುತ್ತೆ, ಅದರಲ್ಲಿ 2.3 ಅನ್ನೋದನ್ನ ಯುಟಿಎಫ್-16 ಅನ್ನೋ ಯೂನಿಕೋಡ್ ರೂಪದಲ್ಲಿ ಸೇವ್ ಮಾಡಿದ್ರೆ ಹೆಚ್ಚುಕಮ್ಮಿ ಎಲ್ಲಾ ಕಡೆ ಓದಿಸ್ಕೊಳ್ಳುತ್ತೆ. ಫ್ಲಾಕ್ ಅಂದ್ರೆ ಕ್ವಾಲಿಟಿ ಕಮ್ಮಿ ಮಾಡದೇ ಹಾಡನ್ನ ಇಡೋ ಫಾರ್ಮ್ಯಾಟ್, ಆ ಫೈಲಲ್ಲಿ ಈ ತಲೆನೋವಿಲ್ಲ, ಟ್ಯಾಗ್ ಯುಟಿಎಫ್-8ರಲ್ಲೇ ಇರುತ್ತೆ, ಯಾವ ಹೆಸರಿನ ಫೀಲ್ಡ್ ಬೇಕಾದ್ರೂ ಸೇರಿಸಬಹುದು. ಕ್ಯಾಸೆಟ್ಟಿಂದ ಹೊಸದಾಗಿ ಇಳಿಸೋರಿಗೆ ನಾನು ಫ್ಲಾಕ್ ಮಾಡಿ ಅಂತ್ಲೇ ಹೇಳೋದು. ನಾಲ್ಕು ನಿಮಿಷದ ಹಾಡು 128 ಕೆಬಿಪಿಎಸ್ ಎಂಪಿತ್ರೀ ಆದ್ರೆ ಸುಮಾರು 4 ಎಂಬಿ, 320 ಆದ್ರೆ 10ರ ಹತ್ರ, ಫ್ಲಾಕ್ ಆದ್ರೆ 25ರಿಂದ 30, ಇವತ್ತಿನ ಹಾರ್ಡ್ ಡಿಸ್ಕ್ ರೇಟಿಗೆ ಇದೇನೂ ಭಾರ ಅಲ್ಲ. ಟೇಪು ಪ್ರತಿಸಲ ಓಡಿದಾಗ್ಲೂ ಸವೆಯುತ್ತೆ, ಇಳಿಸೋದೊಂದ್ಸಲ, ಪೂರ್ತಿ ಕ್ವಾಲಿಟೀಲೇ ಇಳಿಸಿ.

ವಿಂಡೋಸಲ್ಲಿ ಇರೋರಿಗೆ

ನಿಜವಾದ ಪೈಪೋಟಿ ಮ್ಯೂಸಿಕ್‌ಬೀಗೂ ಫೂಬಾರ್2000ಕ್ಕೂ. ಎರಡೂ ಫ್ರೀ.

ಮ್ಯೂಸಿಕ್‌ಬೀ ಇನ್‌ಸ್ಟಾಲ್ ಮಾಡಿದ ತಕ್ಷಣ ಕೆಲಸಕ್ಕೆ ಬರುತ್ತೆ, ಫೋಲ್ಡರ್ ತೋರಿಸಿದ್ರೆ ಕವರ್ ಫೋಟೋ ಸಮೇತ ಎಲ್ಲಾ ಸಾಲಾಗಿ ನಿಲ್ಸುತ್ತೆ. ಹೊಸದಾಗಿ ಬಂದ ಹಾಡುಗಳಿಗೆ ಇನ್‌ಬಾಕ್ಸ್ ಅಂತ ಬೇರೆ ಜಾಗ ಇದೆ, ಅಲ್ಲಿ ಟ್ಯಾಗ್ ಸರಿಮಾಡಿ ಆಮೇಲೆ ಲೈಬ್ರರಿಗೆ ಕಳಿಸಬಹುದು, ನನಗೆ ಅದರಲ್ಲಿ ತುಂಬಾ ಇಷ್ಟವಾದದ್ದು ಅದೇ. ಕಸ್ಟಮ್ ಟ್ಯಾಗ್ ಮಾಡ್ಕೊಂಡು ರಾಗ, ತಾಳ, ಕವಿ ಅಂತ ಹೆಸರು ಕೊಟ್ಟು ಮೇಲ್ಗಡೆ ಕಾಲಮ್ ಬ್ರೌಸರಲ್ಲಿ ಇಟ್ಕೊಂಡ್ರೆ ಮೋಹನ ಒತ್ತಿದ್ರೆ ಮೋಹನ ರಾಗದ್ದೆಲ್ಲಾ ಕೆಳಗೆ ಬರುತ್ತೆ. ರೇಟಿಂಗನ್ನ ಫೈಲಿಗೇ ಬರೆಯೋ ಆಪ್ಷನ್ ಇದೆ, ಪ್ರಿಫರೆನ್ಸಲ್ಲಿ ಆನ್ ಆಗಿದ್ಯಾ ನೋಡ್ಕೊಳ್ಳಿ. ಟ್ಯಾಗ್ ನೋಡಿ ಫೈಲನ್ನ ತಾನೇ ಫೋಲ್ಡರ್‌ಗೆ ಜೋಡಿಸೋದೂ ಇದೆ, ಅದು ಉಪಯೋಗವಾದದ್ದೇ ಆದ್ರೆ ಟ್ಯಾಗ್ ಎಲ್ಲಾ ಸರಿಯಾಗೋ ಮುಂಚೆ ಆನ್ ಮಾಡ್ಲೇಬೇಡಿ, ಹೆಸರಿಲ್ಲದ ಹಾಡೆಲ್ಲಾ ಹೋಗಿ ಒಂದೇ ಫೋಲ್ಡರಲ್ಲಿ ರಾಶಿ ಬೀಳುತ್ತೆ. ಕೊರತೆ ಅಂದ್ರೆ ವಿಂಡೋಸ್ ಬಿಟ್ಟು ಬೇರೆ ಕಡೆ ಇಲ್ಲ.

ಫೂಬಾರ್2000 ನೋಡೋಕೆ ಬೋಳು. 2002ರಿಂದ ಇದೆ, ಹಳೇ ಲ್ಯಾಪ್‌ಟಾಪಲ್ಲೂ ಹಗುರವಾಗಿ ಓಡುತ್ತೆ, 2023ರಲ್ಲಿ 2.0 ಬಂದ್ಮೇಲೆ ಡಾರ್ಕ್ ಮೋಡೂ ಬಂದಿದೆ. ಇದರ ಶಕ್ತಿ ಇರೋದು ಟ್ಯಾಗಲ್ಲಿ: ಯಾವ ಹೆಸರಿನ ಫೀಲ್ಡ್ ಬೇಕಾದ್ರೂ ಸೇರಿಸಿ, ಆ ಫೀಲ್ಡ್ ಪ್ರಕಾರ ಮರದ ಕೊಂಬೆ ತರ ಲಿಸ್ಟ್ ಮಾಡ್ಕೊಳ್ಳಿ, ಮೊದಲು ವಾಗ್ಗೇಯಕಾರರು ಅದರೊಳಗೆ ರಾಗ ಅದರೊಳಗೆ ಗಾಯಕರು, ಹೆಂಗೆ ಬೇಕೋ ಹಂಗೆ. ಮೊದಲ ವಾರ ಸೆಟ್ಟಿಂಗಲ್ಲೇ ಹೋಗುತ್ತೆ, ಅದನ್ನ ಮುಚ್ಚಿಡಲ್ಲ. ಕಚೇರಿ ರೆಕಾರ್ಡಿಂಗ್ ಇರೋರಿಗೆ ಇನ್ನೊಂದು ದೊಡ್ಡ ಅನುಕೂಲ ಕ್ಯೂ ಶೀಟು. ಸಿ-90 ಕ್ಯಾಸೆಟ್ ಒಂದು ಸೈಡು 45 ನಿಮಿಷ, ಅದನ್ನ ತುಂಡು ಮಾಡದೇ ಒಂದೇ ಫ್ಲಾಕ್ ಫೈಲಾಗಿ ಇಟ್ಟು, ಎಲ್ಲಿ ವರ್ಣ ಮುಗೀತು ಎಲ್ಲಿ ಆಲಾಪನೆ ಶುರುವಾಯ್ತು ಅಂತ ಒಂದು ಸಣ್ಣ ಟೆಕ್ಸ್ಟ್ ಫೈಲಲ್ಲಿ ಬರೆದ್ರೆ ಪ್ಲೇಯರಲ್ಲಿ ಬೇರೆಬೇರೆ ಟ್ರ್ಯಾಕಾಗಿ ಕಾಣುತ್ತೆ, ಮೂಲ ಫೈಲ್ ಮುಟ್ಟೋ ಹಾಗೇ ಇಲ್ಲ. ತುಂಡು ಮಾಡಿರೋ ಫೈಲ್ ಇದ್ರೂ ಗ್ಯಾಪ್‌ಲೆಸ್ ಪ್ಲೇಬ್ಯಾಕ್ ಇದೆ, ರಾಗ ತಾನ ಪಲ್ಲವಿ ಮೂರು ಫೈಲಲ್ಲಿದ್ರೆ ಮಧ್ಯ ಮೌನ ಬರದೇ ಹರಿಯುತ್ತೆ. ತಾನದಿಂದ ಪಲ್ಲವಿಗೆ ಹೋಗೋ ಜಾಗದಲ್ಲಿ ಕಟ್ ಆದ್ರೆ ಎಷ್ಟು ಬೇಜಾರು ಅಂತ ಕೇಳೋರಿಗೇ ಗೊತ್ತು.

ವಾಲ್ಯೂಮ್ ವಿಷಯ ಇದೇ ಜಾಗದಲ್ಲಿ ಹೇಳಿಬಿಡ್ತೀನಿ. ಹಳೇ ಟೇಪಿಂದ ಬಂದಿದ್ದು ಮೆಲ್ಲಗಿರುತ್ತೆ, ಹೊಸ ಸಿನಿಮಾ ಹಾಡು ಜೋರಾಗಿರುತ್ತೆ, ಒಟ್ಟಿಗೆ ಶಫಲ್ ಮಾಡಿದ್ರೆ ಪ್ರತಿ ಹಾಡಿಗೂ ವಾಲ್ಯೂಮ್ ಬಟನ್ ಮೇಲೆ ಕೈ ಇಟ್ಕೊಂಡೇ ಕೂರ್ಬೇಕು. ರೀಪ್ಲೇಗೇನ್ ಅಂತ ಇದೆ, ಪ್ರತಿ ಫೈಲ್ ಎಷ್ಟು ಜೋರು ಅಂತ ಅಳೆದು ಆ ಲೆಕ್ಕವನ್ನ ಟ್ಯಾಗಲ್ಲಿ ಬರೆದಿಡುತ್ತೆ, ಆಡಿಯೋ ಮುಟ್ಟಲ್ಲ, ಪ್ಲೇ ಮಾಡೋವಾಗ ಸಮ ಮಾಡುತ್ತೆ. ಫೂಬಾರಲ್ಲಿ ಸ್ಕ್ಯಾನರ್ ಒಳಗೇ ಇದೆ, ಮ್ಯೂಸಿಕ್‌ಬೀಯಲ್ಲೂ ಇದೆ. ಟ್ಯಾಗಲ್ಲಿ ಇರೋದ್ರಿಂದ ಒಂದು ಕಡೆ ಅಳೆದದ್ದನ್ನ ಇನ್ನೊಂದು ಪ್ಲೇಯರೂ ಬಳಸ್ಕೊಳ್ಳುತ್ತೆ. ಕಚೇರಿಗೆ ಮಾತ್ರ ಆಲ್ಬಮ್ ಮೋಡ್ ಇಡಿ, ಟ್ರ್ಯಾಕ್ ಮೋಡ್ ಇಟ್ರೆ ಮೆಲ್ಲಗಿನ ಆಲಾಪನೆಯನ್ನೂ ಮೃದಂಗದ ತನಿ ಆವರ್ತನದಷ್ಟು ಜೋರು ಮಾಡಿ ಕಚೇರಿಯ ಏರಿಳಿತಾನೇ ಹೋಗುತ್ತೆ.

ಇವೆರಡರಲ್ಲಿ ನನ್ನ ತೀರ್ಪು: ಸಿನಿಮಾ ಹಾಡು, ಭಾವಗೀತೆ, ಜಾಸ್ತಿ ಸೆಟ್ಟಿಂಗ್ ಬೇಡ, ಮನೇಲಿ ದೊಡ್ಡೋರೂ ಬಳಸ್ತಾರೆ ಅಂದ್ರೆ ಮ್ಯೂಸಿಕ್‌ಬೀ. ಕಚೇರಿ, ಹರಿಕಥೆ, ಉದ್ದುದ್ದ ಜಾನಪದ ರೆಕಾರ್ಡಿಂಗ್ ಅಂದ್ರೆ ಫೂಬಾರ್. ಮೀಡಿಯಾಮಂಕಿನೂ ಒಳ್ಳೇದೇ, ತುಂಬಾ ದೊಡ್ಡ ಲೈಬ್ರರಿ ಮತ್ತೆ ಆಂಡ್ರಾಯ್ಡ್ ಫೋನಿಗೆ ವೈಫೈ ಸಿಂಕ್ ಬೇಕಾದೋರು ನೋಡಬಹುದು, ಕೆಲವು ಸೌಲಭ್ಯಕ್ಕೆ ದುಡ್ಡು ಕೊಟ್ಟು ಗೋಲ್ಡ್ ತಗೋಬೇಕು. ವಿಎಲ್‌ಸಿ ಎಲ್ಲರ ಹತ್ರಾನೂ ಇರುತ್ತೆ, ಯಾವ ಫೈಲ್ ಕೊಟ್ರೂ ಓಡಿಸುತ್ತೆ ಆದ್ರೆ ಕಲೆಕ್ಷನ್ ಜೋಡಿಸೋಕೆ ಅದಲ್ಲ.

ಮ್ಯಾಕ್, ಲಿನಕ್ಸ್

ಮ್ಯಾಕಲ್ಲಿ ಬರೋ ಮ್ಯೂಸಿಕ್ ಆಪಲ್ಲಿ ಎರಡು ತೊಂದರೆ. ಫ್ಲಾಕ್ ತಗೊಳ್ಳಲ್ಲ, ಆಪಲ್‌ನ ಸ್ವಂತ ಲಾಸ್‌ಲೆಸ್ ಫಾರ್ಮ್ಯಾಟಿಗೆ ಬದಲಾಯಿಸ್ಬೇಕು. ಸ್ಟಾರ್ ರೇಟಿಂಗ್ ಕೊಟ್ರೆ ಅದು ಲೈಬ್ರರಿಯಲ್ಲಿ ಇರುತ್ತೆ ಹೊರತು ಫೈಲಲ್ಲಿ ಇರಲ್ಲ, ನಾನು ಮೇಲೆ ಹೇಳಿದ ಅಪಾಯ ಅದೇ. ಮ್ಯಾಕಲ್ಲೇ ಇರ್ತೀನಿ ಅನ್ನೋರು ಸ್ವಿನ್ಸಿಯನ್ ನೋಡಿ, ದುಡ್ಡು ಕೊಡಬೇಕು, ಫ್ಲಾಕ್ ಓದುತ್ತೆ. ಫೂಬಾರ್‌ಗೂ ಮ್ಯಾಕ್ ವರ್ಷನ್ ಇದೆ ಆದ್ರೆ ವಿಂಡೋಸಿನಷ್ಟು ಸೌಲಭ್ಯ ಅದರಲ್ಲಿಲ್ಲ.

ಲಿನಕ್ಸಲ್ಲಿ ಉಬುಂಟು ಜೊತೆ ಬರ್ತಿದ್ದ ರಿದಮ್‌ಬಾಕ್ಸ್ ಸುಲಭ, ಆದ್ರೆ ರೇಟಿಂಗ್ ತನ್ನ ಹತ್ರಾನೇ ಇಟ್ಕೊಳ್ಳುತ್ತೆ, ರಾಗ ತಾಳ ಅಂತ ಸ್ವಂತ ಫೀಲ್ಡೂ ಇಲ್ಲ. ಸ್ಟ್ರಾಬೆರಿ 2018ರಲ್ಲಿ ಕ್ಲೆಮೆಂಟೈನ್ ಅನ್ನೋ ಪ್ಲೇಯರಿಂದ ಕವಲೊಡೆದದ್ದು, ನೋಡೋಕೆ ಹಳೇ ಅಮರಾಕ್ ಪ್ಲೇಯರ್ ತರ, ಸಿನಿಮಾ ಹಾಡಿಗೆ ಸಾಕು. ನಾನು ಕೈ ತೋರಿಸೋದು ಕ್ವಾಡ್ ಲಿಬೆಟ್ ಕಡೆಗೆ. ಯಾವ ಟ್ಯಾಗ್ ಬೇಕಾದ್ರೂ ಸೇರಿಸಬಹುದು, ಆ ಟ್ಯಾಗಲ್ಲೇ ಹುಡುಕಬಹುದು, ರೇಟಿಂಗು ಮತ್ತೆ ಎಷ್ಟು ಸಲ ಕೇಳಿದ್ವಿ ಅನ್ನೋದನ್ನೂ ಫೈಲಲ್ಲಿ ಬರೆಯೋ ಆಪ್ಷನ್ ಇದೆ. ವಿಂಡೋಸಲ್ಲೂ ಓಡುತ್ತೆ.

ಟ್ಯಾಗ್ ತಿದ್ದೋಕೆ ಬೇರೆ ಸಾಫ್ಟ್‌ವೇರ್

ಪ್ಲೇಯರಲ್ಲೇ ಒಂದೊಂದಾಗಿ ತಿದ್ತೀನಿ ಅಂತ ಕೂತ್ರೆ ಆಯುಷ್ಯ ಸಾಲಲ್ಲ. ಎಂಪಿತ್ರೀಟ್ಯಾಗ್ ಹಾಕ್ಕೊಳ್ಳಿ, ವಿಂಡೋಸಲ್ಲಿ ಫ್ರೀ. ಡೌನ್‌ಲೋಡ್ ಸೈಟಿನವರು ತಮ್ಮ ಹೆಸರನ್ನ ಹಾಡು, ಆಲ್ಬಮ್, ಕಾಮೆಂಟ್ ಎಲ್ಲಾ ಕಡೆ ತುರುಕಿರ್ತಾರಲ್ಲ, ಸಾವಿರ ಫೈಲಲ್ಲಿ ಅದನ್ನ ಒಂದೇ ಏಟಿಗೆ ತೆಗೀಬಹುದು. ಫೈಲ್ ಹೆಸರಿಂದ ಟ್ಯಾಗ್, ಟ್ಯಾಗಿಂದ ಫೈಲ್ ಹೆಸರು ಎರಡೂ ಮಾಡುತ್ತೆ. ಮ್ಯೂಸಿಕ್‌ಬ್ರೇನ್ಸ್ ಪಿಕಾರ್ಡ್ ಅನ್ನೋದು ಹಾಡಿನ ಧ್ವನಿ ಕೇಳಿಯೇ ಬೆರಳಚ್ಚು ತೆಗೆದು ಇದು ಇಂಥ ಹಾಡು ಅಂತ ಹುಡುಕಿಕೊಡುತ್ತೆ, ಇಂಗ್ಲಿಷ್ ಹಿಂದಿ ಹಾಡಿಗೆ ಅದ್ಭುತ, ಹಳೇ ಕನ್ನಡಕ್ಕೆ ಸಿಗೋದು ಕಮ್ಮಿ. ಕಮ್ಮಿ ಇರೋದು ನಮ್ಮೋರು ಸೇರಿಸದೇ ಇರೋದ್ರಿಂದ, ಆ ಡೇಟಾಬೇಸಿಗೆ ಯಾರು ಬೇಕಾದ್ರೂ ಮಾಹಿತಿ ಹಾಕಬಹುದು, ಕೈಯಲ್ಲಿ ಕ್ಯಾಸೆಟ್ ಕವರ್ ಇರೋರು ದಯವಿಟ್ಟು ಹಾಕಿ.

ಫೋನು, ಕಾರು, ಮನೆಯೋರೆಲ್ಲಾ

ಆಂಡ್ರಾಯ್ಡಲ್ಲಿ ಮ್ಯೂಸಿಕೊಲೆಟ್ ಅಂತ ಧೈರ್ಯವಾಗಿ ಹೇಳ್ತೀನಿ. ಇಂಟರ್ನೆಟ್ ಪರ್ಮಿಷನ್ನೇ ಕೇಳಲ್ಲ, ಜಾಹೀರಾತಿಲ್ಲ, ಫೋಲ್ಡರ್ ಪ್ರಕಾರಾನೂ ನೋಡಬಹುದು. ಒಂದಕ್ಕಿಂತ ಜಾಸ್ತಿ ಕ್ಯೂ (ಹಾಡಿನ ಸಾಲು) ಇಟ್ಕೋಬಹುದು, ಪ್ರತಿಯೊಂದೂ ಎಲ್ಲಿಗೆ ನಿಂತಿತ್ತೋ ಅಲ್ಲಿಂದಾನೇ ಶುರುವಾಗುತ್ತೆ, ಮಾದಪ್ಪನ ಕಥೆ ಗಂಟೆಗಟ್ಟಲೆ ಇರೋದನ್ನ ದಿನಾ ಮಂಡ್ಯದಿಂದ ಮೈಸೂರಿಗೆ ರೈಲಲ್ಲಿ ಬರೋವಾಗ ಸ್ವಲ್ಪ ಸ್ವಲ್ಪ ಕೇಳೋರಿಗೆ ಇದಕ್ಕಿಂತ ಒಳ್ಳೇದು ನಾನು ನೋಡಿಲ್ಲ. ಈಕ್ವಲೈಜರ್ ಜೊತೆ ಆಡೋ ಆಸೆ ಇರೋರು ಪವರ್‌ಆಂಪ್ ಕೊಂಡ್ಕೊಳ್ಳಿ. ಓಪನ್ ಸೋರ್ಸೇ ಬೇಕು ಅಂದ್ರೆ ಆಕ್ಸಿಯೊ, ಡ್ಯುಯೆಟ್ ಹೆಸರನ್ನ ಯಾವ ಚಿಹ್ನೆ ಕಂಡ್ರೆ ಬೇರೆ ಮಾಡ್ಬೇಕು ಅಂತ ಅದರ ಸೆಟ್ಟಿಂಗಲ್ಲಿ ಹೇಳಬಹುದು.

ಕಾರ್ ಸ್ಟೀರಿಯೋ ಬೇರೆಯದೇ ಕಥೆ. ತುಂಬಾ ಸೆಟ್‌ಗಳಲ್ಲಿ ಕನ್ನಡ ಫಾಂಟ್ ಇರಲ್ಲ, ಟ್ಯಾಗ್ ಕನ್ನಡದಲ್ಲಿದ್ರೆ ಬರೀ ಚೌಕ ಚೌಕ. ಫ್ಲಾಕ್ ಕೂಡ ಎಲ್ಲದರಲ್ಲೂ ಓಡಲ್ಲ, ಪೆನ್‌ಡ್ರೈವ್ ಫ್ಯಾಟ್32 ಅಂತ ಫಾರ್ಮ್ಯಾಟ್ ಆಗಿದ್ರೇನೇ ಕೆಲವು ಓದೋದು. ಅದಕ್ಕೋಸ್ಕರ ಮೂಲ ಕಲೆಕ್ಷನ್ ಹಾಳುಮಾಡ್ಕೋಬೇಡಿ. ಮನೇಲಿರೋದು ಕನ್ನಡ ಟ್ಯಾಗಿನ ಫ್ಲಾಕೇ ಇರ್ಲಿ, ಫೂಬಾರಿನ ಕನ್ವರ್ಟರಲ್ಲಿ ಕಾರಿಗೆ ಅಂತ ಎಂಪಿತ್ರೀ ಕಾಪಿ ಮಾಡಿ, ಫೈಲ್ ಹೆಸರು ಇಂಗ್ಲಿಷ್ ಅಕ್ಷರದಲ್ಲಿಟ್ಟು ಸ್ಟೀರಿಯೋದಲ್ಲಿ ಫೋಲ್ಡರ್ ವ್ಯೂ ಹಾಕ್ಕೊಳ್ಳಿ.

ಅಪ್ಪನ ಫೋನು ಮಗಳ ಲ್ಯಾಪ್‌ಟಾಪು ಬೆಂಗಳೂರಲ್ಲಿರೋ ತಮ್ಮ ಎಲ್ಲರೂ ಒಂದೇ ಕಲೆಕ್ಷನ್ ಕೇಳ್ಬೇಕು ಅಂದ್ರೆ ನ್ಯಾವಿಡ್ರೋಮ್ ಅನ್ನೋ ಹಾಡಿನ ಸರ್ವರ್. ಹಳೇ ಕಂಪ್ಯೂಟರಲ್ಲೋ ರಾಸ್ಪ್‌ಬೆರಿ ಪೈ ಅನ್ನೋ ಪುಟ್ಟ ಕಂಪ್ಯೂಟರಲ್ಲೋ ಹಾಕಿ ಮನೆ ವೈಫೈಗೆ ಸೇರಿಸಿದ್ರೆ ಬ್ರೌಸರಲ್ಲೇ ಹಾಡು ಬರುತ್ತೆ, ಸಬ್‌ಸಾನಿಕ್ ಪದ್ಧತಿಯ ಯಾವ ಮೊಬೈಲ್ ಆಪಾದ್ರೂ ಸೇರ್ಕೊಳ್ಳುತ್ತೆ. ಅದು ಫೋಲ್ಡರ್ ನೋಡಲ್ಲ, ಟ್ಯಾಗ್ ಮಾತ್ರ ನೋಡುತ್ತೆ, ನಿಮ್ಮ ಫೈಲಿಗೆ ಏನೂ ಬರೆಯಲ್ಲ, ಆದ್ದರಿಂದ ಟ್ಯಾಗ್ ಸರಿಮಾಡಿದ ಮೇಲೇ ಹಾಕಿ. ಸಿನಿಮಾ ವಿಡಿಯೋನೂ ಜೊತೇಲಿ ಬೇಕು ಅಂದ್ರೆ ಜೆಲ್ಲಿಫಿನ್. ಮನೆ ಹೊರಗಿಂದ ಕೇಳೋ ಹಾಗೆ ಮಾಡೋಕೆ ಸ್ವಲ್ಪ ನೆಟ್‌ವರ್ಕ್ ತಿಳುವಳಿಕೆ ಬೇಕು, ಅದಿಲ್ಲದೇ ಸರ್ವರನ್ನ ಇಂಟರ್ನೆಟ್ಟಿಗೆ ತೆರೆದಿಡಬೇಡಿ.

ಇಷ್ಟೆಲ್ಲಾ ಓದಿದ್ಮೇಲೂ ಯಾವುದು ಅಂತ ಗೊತ್ತಾಗದೇ ಇದ್ರೆ ಹೀಗೆ ಮಾಡಿ. ಬೇರೆಬೇರೆ ತರದ ಹತ್ತು ಫೈಲ್ ಕಾಪಿ ಮಾಡ್ಕೊಂಡು, ಒಂದು ಡ್ಯುಯೆಟ್, ಒಂದು ಭಾವಗೀತೆ, ಒಂದು ಉದ್ದ ಕಚೇರಿ ಇರ್ಲಿ, ಆರಿಸಿದ ಪ್ಲೇಯರಲ್ಲಿ ಕನ್ನಡದಲ್ಲಿ ಟ್ಯಾಗ್ ಹಾಕಿ, ರಾಗಕ್ಕೊಂದು ಫೀಲ್ಡ್ ಸೇರಿಸಿ, ರೇಟಿಂಗ್ ಕೊಡಿ. ಆಮೇಲೆ ಆ ಹತ್ತು ಫೈಲನ್ನ ಬೇರೆ ಕಂಪ್ಯೂಟರಲ್ಲಿ ಎಂಪಿತ್ರೀಟ್ಯಾಗಲ್ಲಿ ತೆಗೆದು ನೋಡಿ. ನೀವು ಹಾಕಿದ್ದೆಲ್ಲಾ ಅಲ್ಲಿ ಕಂಡ್ರೆ ಪೂರ್ತಿ ಕಲೆಕ್ಷನ್ ಅದಕ್ಕೆ ಕೊಡಿ, ಇಲ್ಲಾಂದ್ರೆ ಸೆಟ್ಟಿಂಗಲ್ಲಿ ಟ್ಯಾಗನ್ನ ಫೈಲಿಗೆ ಬರೆಯೋ ಆಪ್ಷನ್ ಹುಡುಕಿ, ಅದೂ ಇಲ್ಲಾಂದ್ರೆ ಮುಂದಿನ ಪ್ಲೇಯರ್ ನೋಡಿ. ಮತ್ತೆ ಏನೇ ಶುರು ಮಾಡೋ ಮುಂಚೆ ಇಡೀ ಕಲೆಕ್ಷನ್ ಇನ್ನೊಂದು ಹಾರ್ಡ್ ಡಿಸ್ಕಿಗೆ ಕಾಪಿ ಹಾಕಿ, ಆ ಡಿಸ್ಕನ್ನ ಬೇರೆ ಮನೇಲಿ ಇಡಿ.